ಫ್ಲೋರೈಡ್ ತಲುಪದ ಪದರಕ್ಕೆ ನ್ಯಾನೊ ಕಣ

ಫ್ಲೋರೈಡ್ ಪೇಸ್ಟ್ ಹುಳುಕಿನ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಾವು ದಿನವೂ ಬಳಸುವ ಪ್ರಮಾಣದಲ್ಲಿ ಅದರ ನಿಜವಾದ ಕೆಲಸ ನಡೆಯುವುದು ಹಲ್ಲಿನ ಖನಿಜದ ಮೇಲೆ. ಬಾಯಿಯ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗಲು ಶುರುವಾಗುತ್ತದೆ. ಪಿಎಚ್ ಮತ್ತೆ ಏರಿದಾಗ ಲಾಲಾರಸದಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹಿಂದಿರುಗಿ ಕೂರುತ್ತವೆ. ಆ ಹೊತ್ತಿಗೆ ಫ್ಲೋರೈಡ್ ಪಕ್ಕದಲ್ಲಿದ್ದರೆ ಹೊಸದಾಗಿ ಕೂತ ಖನಿಜ ಫ್ಲೋರಪಟೈಟ್ ಎಂಬ ಫ್ಲೋರೈಡ್ ಬೆರೆತ ಖನಿಜಕ್ಕೆ ಹತ್ತಿರವಾಗಿರುತ್ತದೆ. ಅದು ಕರಗಬೇಕಾದರೆ ಪಿಎಚ್ 4.5ರ ಆಸುಪಾಸಿಗೆ ಇಳಿಯಬೇಕು. ಫ್ಲೋರೈಡ್ ತಂದುಕೊಡುವ ರಕ್ಷಣೆಯ ದೊಡ್ಡ ಪಾಲು ಇದೇ.

ಬ್ಯಾಕ್ಟೀರಿಯಾ ಮೇಲೆ ಅದಕ್ಕೆ ಪರಿಣಾಮವೇ ಇಲ್ಲ ಎಂದಲ್ಲ. ಆಮ್ಲೀಯ ವಾತಾವರಣದಲ್ಲಿ ಫ್ಲೋರೈಡ್‌ನ ಒಂದು ಅಂಶ ಹೈಡ್ರೋಜನ್ ಫ್ಲೋರೈಡ್ ರೂಪ ತಾಳಿ ಕೋಶದೊಳಗೆ ನುಸುಳುತ್ತದೆ. ಒಳಗೆ ಪಿಎಚ್ ಹೆಚ್ಚಿರುವುದರಿಂದ ಅಲ್ಲಿ ಮತ್ತೆ ಒಡೆಯುತ್ತದೆ. ಬಿಡುಗಡೆಯಾದ ಫ್ಲೋರೈಡ್ ಅಯಾನು ಎನೋಲೇಸ್ ಕಿಣ್ವವನ್ನು ತಡೆದು ಸಕ್ಕರೆಯಿಂದ ಆಮ್ಲವಾಗುವ ಸರಪಳಿಯನ್ನು ನಿಧಾನಗೊಳಿಸುತ್ತದೆ. ಜೊತೆಗೆ ಕೋಶದಿಂದ ಪ್ರೋಟಾನ್‌ಗಳನ್ನು ಹೊರಗೆ ತಳ್ಳುವ ಪಂಪಿಗೂ ಅಡ್ಡಿಯಾಗುತ್ತದೆ. ತೊಡಕು ಏನೆಂದರೆ, ಇಷ್ಟೆಲ್ಲ ಆಗಬೇಕಾದ ಜಾಗಕ್ಕೆ ಅದು ಸಾಕಷ್ಟು ಪ್ರಮಾಣದಲ್ಲಿ ತಲುಪುವುದೇ ಇಲ್ಲ. ಹಲ್ಲುಜ್ಜುವ ಒಂದೆರಡು ನಿಮಿಷದಲ್ಲಿ ಫ್ಲೋರೈಡ್‌ನ ಹೆಚ್ಚಿನ ಭಾಗ ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾ ಪದರದ, ಅಂದರೆ ಪ್ಲೇಕ್‌ನ, ಹೊರಭಾಗದಲ್ಲೇ ಉಳಿದುಬಿಡುತ್ತದೆ. ಆಮೇಲೆ ಲಾಲಾರಸ ಅದನ್ನು ತೊಳೆದುಕೊಂಡು ಹೋಗುತ್ತದೆ.

ಆ ಪದರ ಎಂಥದ್ದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನ್ಯಾನೊ ಕಣಗಳ ವಿಷಯ ಶುರುವಾಗುವುದೇ ಅಲ್ಲಿಂದ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸುಕ್ರೋಸನ್ನು ಎರಡು ರೀತಿ ಬಳಸಿಕೊಳ್ಳುತ್ತದೆ. ಒಂದಷ್ಟನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಇನ್ನೊಂದಷ್ಟನ್ನು ಜಿಟಿಎಫ್-ಬಿ, ಸಿ, ಡಿ ಎಂಬ ಮೂರು ಕಿಣ್ವಗಳ ಮೂಲಕ ಗ್ಲೂಕಾನ್ ಎಂಬ ಅಂಟಾಗಿ ಹೆಣೆಯುತ್ತದೆ. ಬಹುಪಾಲು ನೀರಿನಲ್ಲಿ ಕರಗದ ಈ ಅಂಟು ಹಲ್ಲಿಗೂ ಹಿಡಿಯುತ್ತದೆ, ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಗೂ ಹಿಡಿಯುತ್ತದೆ. ಒಳಗೆ ಹುಟ್ಟಿದ ಆಮ್ಲ ಸುಲಭವಾಗಿ ಹೊರಬರದು, ಆಮ್ಲವನ್ನು ತಗ್ಗಿಸುವ ಲಾಲಾರಸದ ಬಫರ್ ಹೊರಗಿನಿಂದ ಸುಲಭವಾಗಿ ಒಳಹೋಗದು. ಹಾಗಾಗಿ ಬಾಯಿಯ ಪಿಎಚ್ 7 ಇದ್ದಾಗಲೂ ಅಂಟಿನ ಅಡಿಯಲ್ಲಿ, ಎನಾಮೆಲ್‌ಗೆ ತಾಗಿಕೊಂಡೇ, 5.5ಕ್ಕಿಂತ ಕಡಿಮೆ ಪಿಎಚ್‌ನ ಸಣ್ಣ ಸಣ್ಣ ಹೊಂಡಗಳು ಉಳಿದಿರುತ್ತವೆ. ಪುಟ್ಟ ಮಕ್ಕಳ ತೀವ್ರ ಹುಳುಕಿನಲ್ಲಿ ಈ ಬ್ಯಾಕ್ಟೀರಿಯಾ ಜೊತೆ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರವೂ ಸೇರಿಕೊಳ್ಳುವುದುಂಟು. ಆಗ ಪದರ ಇನ್ನೂ ದಪ್ಪವಾಗುತ್ತದೆ, ಇನ್ನೂ ಗಟ್ಟಿಯಾಗುತ್ತದೆ.

ಇಂಥ ಪದರದ ವಿರುದ್ಧ ಬಳಸುವ ವಸ್ತು ಮೂರು ಕೆಲಸ ಮಾಡಬೇಕು. ಒಂದೆರಡು ನಿಮಿಷದಲ್ಲಿ ಒಳಗೆ ಹೋಗಿ ಹಿಡಿದು ಕೂರಬೇಕು, ತೊಳೆದ ಮೇಲೂ ಉಳಿಯಬೇಕು, ಆಮ್ಲ ಇರುವಲ್ಲಿ ಮಾತ್ರ ಚುರುಕಾಗಬೇಕು. ನ್ಯಾನೊ ಕಣಗಳ ಕುರಿತ ಉತ್ಸಾಹಕ್ಕೆ ಕಾರಣ ಅವು ಸಣ್ಣದಾಗಿರುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗಾತ್ರ ಮುಖ್ಯ ಹೌದು: ಮ್ಯೂಟನ್ಸ್ ಕೋಶ ಅರ್ಧದಿಂದ ಒಂದು ಮೈಕ್ರಾನ್ ಇದ್ದರೆ ಈ ಕಣಗಳು 100 ನ್ಯಾನೊಮೀಟರ್‌ಗಿಂತ ಚಿಕ್ಕವು, ಅಂಟಿನ ನಡುವಿನ ನೀರಿನ ದಾರಿಗಳಲ್ಲಿ ಹರಿಯಬಲ್ಲವು. ಆದರೆ ಫ್ಲೋರೈಡ್ ಅಯಾನು ಅದಕ್ಕಿಂತಲೂ ಎಷ್ಟೋ ಚಿಕ್ಕದು. ಫಲಿತಾಂಶವನ್ನು ನಿರ್ಧರಿಸುವುದು ಕಣದ ಮೇಲ್ಮೈ, ಅಂದರೆ ಅದು ಯಾವುದಕ್ಕೆ ಅಂಟುತ್ತದೆ, ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದು.

ನನಗೆ ತೀರ ಮೆಚ್ಚುಗೆಯಾದ ಉದಾಹರಣೆ ಫೆರುಮೋಕ್ಸಿಟಾಲ್. ಇದು ಕಬ್ಬಿಣದ ಆಕ್ಸೈಡ್ ತಿರುಳಿನ ಮೇಲೆ ಕಾರ್ಬಾಕ್ಸಿಮಿಥೈಲ್ ಡೆಕ್ಸ್‌ಟ್ರಾನ್ ಹೊದಿಕೆ ಇರುವ ನ್ಯಾನೊ ಕಣ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರ ಕಬ್ಬಿಣದ ಕೊರತೆಯ ರಕ್ತಹೀನತೆಗೆ ರಕ್ತನಾಳಕ್ಕೆ ಕೊಡುವ ಔಷಧವಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹ್ಯೂನ್ ಕೂ ಮತ್ತು ಡೇವಿಡ್ ಕಾರ್ಮೋಡ್ ಅವರ ತಂಡಗಳು ಇದನ್ನು ಹಲ್ಲಿನ ಕಡೆ ತಿರುಗಿಸಿದವು. ಡೆಕ್ಸ್‌ಟ್ರಾನ್ ಕೂಡ ಒಂದು ಗ್ಲೂಕಾನ್. ಗ್ಲೂಕಾನನ್ನು ಹಿಡಿಯುವ ಪ್ರೋಟೀನುಗಳು ಮ್ಯೂಟನ್ಸ್ ಮೈಮೇಲೆ ಇದ್ದೇ ಇರುತ್ತವೆ. ಹಾಗಾಗಿ ಪದರ ಕಟ್ಟಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಕೈಗಳೇ ಈ ಕಣವನ್ನು ಬರಮಾಡಿಕೊಳ್ಳುತ್ತವೆ. ತಿರುಳಿನ ಕಬ್ಬಿಣದ ಆಕ್ಸೈಡ್ ಆಮ್ಲೀಯ ಪಿಎಚ್‌ನಲ್ಲಿ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿದರೆ ಅದನ್ನು ಒಡೆದು ಮುಕ್ತ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಆ ರ‍್ಯಾಡಿಕಲ್‌ಗಳು ಕೋಶವನ್ನೂ ಸುಡುತ್ತವೆ, ಗ್ಲೂಕಾನ್ ಜಾಲವನ್ನೂ ಕತ್ತರಿಸುತ್ತವೆ. ಪಿಎಚ್ 7ರ ಹತ್ತಿರ ಈ ಚಟುವಟಿಕೆ ಬಹಳ ಕುಗ್ಗುತ್ತದೆ. ಆಮ್ಲದ ಹೊಂಡ ಎಲ್ಲಿದೆಯೋ ಏಟು ಅಲ್ಲೇ ಬೀಳುತ್ತದೆ, ಬಾಯಿಯ ಉಳಿದ ಸಹಜ ಬ್ಯಾಕ್ಟೀರಿಯಾಗಳು ಬಹುಪಾಲು ಉಳಿದುಕೊಳ್ಳುತ್ತವೆ. ಕ್ಲೋರ್‌ಹೆಕ್ಸಿಡಿನ್ ಥರದ ಮೌತ್‌ವಾಶ್‌ಗಳಿಗೆ ಈ ವಿವೇಚನೆ ಇಲ್ಲ.

ಇಲ್ಲಿಗೆ ಫ್ಲೋರೈಡ್ ಸೇರುವ ಬಗೆ ಇನ್ನೂ ಸೊಗಸಾಗಿದೆ. ಸ್ಟ್ಯಾನಸ್ ಫ್ಲೋರೈಡ್, ಅಂದರೆ ತವರದ ಫ್ಲೋರೈಡ್, ಹಳೆಯ ಕೈ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮುಹ್ಲರ್, ಡೇ ಮತ್ತು ನೆಬರ್‌ಗಾಲ್ ಮಾಡಿದ ಕೆಲಸದಿಂದ 1950ರ ದಶಕದಲ್ಲಿ ಕ್ರೆಸ್ಟ್ ಪೇಸ್ಟ್ ಬಂದದ್ದು ಇದೇ ಲವಣದಿಂದ. ತವರದ ಅಯಾನಿಗೆ ತನ್ನದೇ ಆದ ಬ್ಯಾಕ್ಟೀರಿಯಾ ನಿರೋಧಕ ಗುಣವಿದೆ. ಸೋಡಿಯಂ ಫ್ಲೋರೈಡ್‌ಗೆ ಆ ಬಲವಿಲ್ಲ. ಆದರೆ ತವರ ನೀರಿನಲ್ಲಿ ನಿಲ್ಲುವುದಿಲ್ಲ. ಶುದ್ಧ ನೀರಿನಲ್ಲಿ ಕರಗಿಸಿಟ್ಟ ತಿಳಿ ದ್ರಾವಣ ಇಟ್ಟಲ್ಲೇ ಮಸುಕಾಗಿ, ಹಾಲಿನಂತಾಗಿ, ತಳದಲ್ಲಿ ಬಿಳಿ ಗಸಿ ಬಿಡುತ್ತದೆ. ತವರ ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಆಗಿರುತ್ತದೆ, ಗಾಳಿಯ ಆಮ್ಲಜನಕ ತಾಗಿ ಅದರ ಉತ್ಕರ್ಷಣ ಸ್ಥಿತಿ ಎರಡರಿಂದ ನಾಲ್ಕಕ್ಕೆ ಏರಿರುತ್ತದೆ. ಆ ಮೇಲೆ ಅದರ ಔಷಧ ಗುಣ ಹೋದಂತೆಯೇ. ಪೇಸ್ಟ್ ತಯಾರಕರು ತವರವನ್ನು ಹಿಡಿದಿಡುವ ಗ್ಲುಕೋನೇಟ್‌ನಂಥ ವಸ್ತುಗಳನ್ನು ಸೇರಿಸುವುದು, ಇಲ್ಲವೇ ನೀರೇ ಇಲ್ಲದ ಪೇಸ್ಟ್ ಮಾಡುವುದು ಇದನ್ನು ತಡೆಯಲಿಕ್ಕೇ.

2023ರಲ್ಲಿ ಇದೇ ತಂಡ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನು: ಫೆರುಮೋಕ್ಸಿಟಾಲ್‌ನ ಹೊದಿಕೆಯಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ತವರವನ್ನು ಹಿಡಿದಿಟ್ಟುಕೊಂಡು ಸ್ಟ್ಯಾನಸ್ ಫ್ಲೋರೈಡನ್ನು ನೀರಿನಲ್ಲಿ ಸ್ಥಿರಗೊಳಿಸುತ್ತವೆ. ಪ್ರತಿಯಾಗಿ ಸ್ಟ್ಯಾನಸ್ ಫ್ಲೋರೈಡ್ ಕಬ್ಬಿಣದ ಕಣದ ವೇಗವರ್ಧಕ ಶಕ್ತಿಯನ್ನು ಹೆಚ್ಚಿಸುತ್ತದೆ. ಜೊತೆಗೆ ಎನಾಮೆಲ್ ಮೇಲೆ ಕಬ್ಬಿಣ, ತವರ, ಫ್ಲೋರೈಡ್ ಮೂರೂ ಇರುವ ತೆಳು ಪದರವೊಂದು ಕೂತು ಆಮ್ಲಕ್ಕೆ ತಡೆಯೊಡ್ಡುತ್ತದೆ. ಇಲಿಗಳ ಬಾಯಿಯಲ್ಲಿ ಈ ಜೋಡಿ, ಎರಡನ್ನೂ ಬಿಡಿಬಿಡಿಯಾಗಿ ಕೊಟ್ಟಿದ್ದಕ್ಕಿಂತ ಚೆನ್ನಾಗಿ ಹುಳುಕನ್ನು ತಡೆಯಿತು, ಅದೂ ತಗ್ಗಿಸಿದ ಪ್ರಮಾಣದಲ್ಲಿ. ನನ್ನ ಮಟ್ಟಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಹುಳುಕು ಹೆಚ್ಚಿರುವ ಪುಟ್ಟ ಮಗುವಿಗೆ ಫ್ಲೋರೈಡ್ ಏರಿಸುತ್ತ ಹೋಗುವಂತಿಲ್ಲ, ನುಂಗಿದ ಫ್ಲೋರೈಡ್ ಒಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳಲ್ಲಿ ಫ್ಲೋರೋಸಿಸ್ ಕಲೆಯಾಗಬಹುದು. ಅದೇ ಫ್ಲೋರೈಡಿನಿಂದ ಹೆಚ್ಚು ಕೆಲಸ ತೆಗೆಸುವ ದಾರಿಯೇ ಬೇಕಿರುವುದು.

ಹಾಗೆಂದು ಇದು ನಾಳೆಯೇ ಬಳಸಬಹುದಾದ ಚಿಕಿತ್ಸೆಯಲ್ಲ. ಫೆರುಮೋಕ್ಸಿಟಾಲ್ ಮತ್ತು ಪೆರಾಕ್ಸೈಡ್ ಜೋಡಿಯನ್ನು ಮನುಷ್ಯರ ಬಾಯಲ್ಲಿ ನೋಡಿದ್ದು ಎನಾಮೆಲ್ ತುಣುಕುಗಳನ್ನು ಕೂರಿಸಿದ, ಬಾಯೊಳಗೆ ಹಾಕಿಕೊಳ್ಳುವ ಪಟ್ಟಿಗಳನ್ನು ಸ್ವಯಂಸೇವಕರಿಗೆ ತೊಡಿಸಿ. ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಪ್ರಯೋಗಕ್ಕೂ ಇದಕ್ಕೂ ಬಹಳ ಅಂತರವಿದೆ. ರಕ್ತನಾಳಕ್ಕೆ ಕೊಡಲು ಸಿಕ್ಕ ಒಪ್ಪಿಗೆ ಬಾಯಿಗೆ ಹಚ್ಚಲು ಸಿಕ್ಕ ಒಪ್ಪಿಗೆಯೂ ಅಲ್ಲ. ಆ ಇಂಜೆಕ್ಷನ್ ಮೇಲೆ ತೀವ್ರ ಅಲರ್ಜಿಯ ಕುರಿತ ಕಟ್ಟೆಚ್ಚರಿಕೆ ಇದೆ ಎಂಬುದನ್ನೂ ಮರೆಯಬಾರದು.

ಬೆಳ್ಳಿಯ ಕಥೆ ಬೇರೆ. ಶೇ 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ಈಗಾಗಲೇ ಚಿಕಿತ್ಸೆಯಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ 2021ರಲ್ಲಿ ಸೇರಿತು. ಸುಮಾರು 44,800 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಫ್ಲೋರೈಡ್, ಜೊತೆಗೆ ಬೆಳ್ಳಿ. ದಂತವೈದ್ಯರು ತುಟಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಹಲ್ಲನ್ನು ಹತ್ತಿಯಿಂದ ಬೇರ್ಪಡಿಸಿ ಒಣಗಿಸಿ, ಚಿಕ್ಕ ಬ್ರಷ್ಷಿನಿಂದ ಹುಳುಕಿನ ಮೇಲಷ್ಟೇ ಹಚ್ಚಿ, ಒಂದು ನಿಮಿಷದಷ್ಟು ಬಿಡುತ್ತಾರೆ. ಒಂದೇ ಹನಿ ಹಲವು ಹಲ್ಲಿಗೆ ಸಾಕು. ಹುಳುಕು ಬಹುಪಾಲು ನಿಲ್ಲುತ್ತದೆ, ಆದರೆ ಆ ಜಾಗ ಖಾಯಂ ಕಪ್ಪಾಗುತ್ತದೆ. ಮುಂದಿನ ಹಲ್ಲಾದರೆ ಪೋಷಕರು ಹಿಂಜರಿಯುವುದು ಸಹಜ. ಈ ಕಪ್ಪನ್ನು ತಪ್ಪಿಸಲು ಬ್ರೆಜಿಲ್‌ನ ಸಂಶೋಧಕರು ರೂಪಿಸಿದ್ದು ನ್ಯಾನೊ ಸಿಲ್ವರ್ ಫ್ಲೋರೈಡ್. ಕಣಗಳಿಗೆ ಹೊದಿಕೆಯಾಗುವ ಕೈಟೋಸಾನ್ ದ್ರಾವಣದಲ್ಲಿ ಸಿಲ್ವರ್ ನೈಟ್ರೇಟನ್ನು ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸಿ, ಬೆಳ್ಳಿಯ ನ್ಯಾನೊ ಕಣಗಳಾದ ಮೇಲೆ ಸೋಡಿಯಂ ಫ್ಲೋರೈಡ್ ಸೇರಿಸುತ್ತಾರೆ. ಶಾಲಾಮಕ್ಕಳ ಹಲ್ಲಿನ ಮೇಲೆ ಅವರು ನಡೆಸಿದ ಪ್ರಯೋಗದಲ್ಲಿ ಬಹಳಷ್ಟು ಹಲ್ಲುಗಳಲ್ಲಿ ಹುಳುಕು ನಿಂತಿತು, ಹಲ್ಲು ಕಪ್ಪಾಗಲಿಲ್ಲ.

ಇದರಲ್ಲಿ ಕೆಡುವುದು ಎಲ್ಲಿ ಎಂದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವಲ್ಲಿ. ಚೆನ್ನಾಗಿ ಬಂದ ಬೆಳ್ಳಿಯ ನ್ಯಾನೊ ದ್ರಾವಣ ತಿಳಿಹಳದಿ ಇರುತ್ತದೆ, ಬೆಳಕನ್ನು 400 ನ್ಯಾನೊಮೀಟರ್ ಹತ್ತಿರ ಹೀರುತ್ತದೆ. ಉಪ್ಪಿನಂಶ ಹೆಚ್ಚಾದರೆ ಕಣಗಳ ನಡುವಿನ ವಿಕರ್ಷಣೆ ಕುಗ್ಗಿ ಅವು ಗುಂಪುಗೂಡುತ್ತವೆ. ಹಳದಿ ಬಣ್ಣ ಬೂದಿಗೆ ತಿರುಗುತ್ತದೆ, ಕೊನೆಗೆ ಕಪ್ಪು ಗಸಿ ತಳ ಸೇರುತ್ತದೆ. ಸೋಡಿಯಂ ಫ್ಲೋರೈಡ್ ಕೂಡ ಉಪ್ಪೇ ಎಂಬುದನ್ನು ನೆನಪಿಡಿ: ಒಮ್ಮೆಲೇ ಸುರಿದರೆ ಅದೇ ಈ ಕೆಲಸ ಮಾಡೀತು. ಹೊದಿಕೆ ಸಾಕಷ್ಟಿರಬೇಕು, ಫ್ಲೋರೈಡನ್ನು ಕಲಕುತ್ತಾ ನಿಧಾನವಾಗಿ ಸೇರಿಸಬೇಕು, ಸೇರಿಸಿದ ಮೇಲೆ ಹೀರುವಿಕೆಯನ್ನು ಮತ್ತೆ ಅಳೆಯಬೇಕು. ಬಾಯಿಯಲ್ಲಿ ಇನ್ನೊಂದು ತೊಡಕಿದೆ. ಲಾಲಾರಸದ ಕ್ಲೋರೈಡ್ ಬೆಳ್ಳಿಯ ಅಯಾನನ್ನು ಸಿಲ್ವರ್ ಕ್ಲೋರೈಡ್ ಮಾಡಿ ಸುಮ್ಮನಾಗಿಸುತ್ತದೆ. ಪ್ರೋಟೀನುಗಳು ಕಣದ ಮೈಗೆ ಮೆತ್ತಿಕೊಂಡು ಮೇಲ್ಮೈಯ ಗುಣವನ್ನೇ ಬದಲಿಸುತ್ತವೆ. ನೀರಿನಲ್ಲಿ ಅಳೆದ ಗಾತ್ರ, ವಿದ್ಯುದಾವೇಶ ಬಾಯಿಯಲ್ಲೂ ಹಾಗೇ ಇರುತ್ತವೆ ಎಂದುಕೊಳ್ಳುವಂತಿಲ್ಲ.

ಈ ವಿಷಯದಲ್ಲಿ ಬರುವ ಪ್ರಬಂಧಗಳನ್ನು ಓದುವವರಿಗೂ, ಸ್ವತಃ ಪ್ರಯೋಗ ಮಾಡುವ ವಿದ್ಯಾರ್ಥಿಗಳಿಗೂ ಕೆಲವು ಸಂಗತಿ ಹೇಳಲೇಬೇಕು. ಇಲ್ಲಿ ದಾರಿ ತಪ್ಪಿಸುವ ಫಲಿತಾಂಶ ಸುಲಭವಾಗಿ ಬರುತ್ತದೆ.

ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾ ಮೇಲೆ ಸಿಕ್ಕ ಕನಿಷ್ಠ ನಿರೋಧಕ ಪ್ರಮಾಣವನ್ನು ಹಿಡಿದು ಹುಳುಕಿನ ಬಗ್ಗೆ ಮಾತನಾಡಬಾರದು. ಬಯೋಫಿಲ್ಮ್, ಅಂದರೆ ಅಂಟಿನ ಪದರದ, ಒಳಗಿನ ಅದೇ ಬ್ಯಾಕ್ಟೀರಿಯಾಕ್ಕೆ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಹೆಚ್ಚು ಬೇಕಾಗುತ್ತದೆ. ಹಲ್ಲಿನ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಬಿಲ್ಲೆಯನ್ನು ಸೋಸಿದ ಲಾಲಾರಸದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಅದರ ಮೇಲೆ ಶೇ 1 ಸುಕ್ರೋಸ್ ಇರುವ ಮಾಧ್ಯಮದಲ್ಲಿ ಶೇ 5 ಇಂಗಾಲದ ಡೈಆಕ್ಸೈಡ್ ಜೊತೆ ಪದರ ಬೆಳೆಸಿ. ಮ್ಯೂಟನ್ಸ್‌ನ ಯುಎ159 ತಳಿ ಸಾಮಾನ್ಯ ಆಯ್ಕೆ. ಸುಕ್ರೋಸ್ ಬದಲು ಗ್ಲೂಕೋಸ್ ಹಾಕಿದರೆ ಗ್ಲೂಕಾನ್ ಜಾಲವೇ ಹುಟ್ಟುವುದಿಲ್ಲ. ಅಂಥ ಬಡಕಲು ಪದರವನ್ನು ಯಾವ ಔಷಧವಾದರೂ ಕಿತ್ತುಹಾಕುತ್ತದೆ. ಬಿಲ್ಲೆಯನ್ನು ಲಂಬವಾಗಿ ನಿಲ್ಲಿಸಿ, ಆಗ ಕೋಶಗಳು ಸುಮ್ಮನೆ ತಳಕ್ಕೆ ಬಿದ್ದು ರಾಶಿಯಾಗುವುದು ತಪ್ಪುತ್ತದೆ.

ಔಷಧ ತಾಗುವ ಹೊತ್ತನ್ನು ಬಾಯಿಗೆ ಹೊಂದಿಸಿ: ದಿನಕ್ಕೆ ಎರಡು ಸಲ, ಒಂದೆರಡು ನಿಮಿಷ, ನಂತರ ತೊಳೆಯುವುದು. 24 ಗಂಟೆ ಔಷಧದಲ್ಲೇ ನೆನೆಸಿಟ್ಟು ಶೇ 99 ಸತ್ತಿತು ಎಂಬ ಫಲಿತಾಂಶದಿಂದ ಹಲ್ಲಿಗೆ ಏನೂ ತಿಳಿಯದು.

ಅಳತೆಯಲ್ಲಿ ಆಗುವ ತಪ್ಪುಗಳು ಇನ್ನೂ ಸೂಕ್ಷ್ಮ. ಕ್ರಿಸ್ಟಲ್ ವೈಲೆಟ್ ಬಣ್ಣ ಸತ್ತ ಕೋಶಕ್ಕೂ ಹಿಡಿಯುತ್ತದೆ, ಅಂಟಿಗೂ ಹಿಡಿಯುತ್ತದೆ, ಹಾಗಾಗಿ ಅದು ಹೇಳುವುದು ರಾಶಿಯನ್ನಷ್ಟೇ. ಕಬ್ಬಿಣ ಮತ್ತು ಬೆಳ್ಳಿಯ ಕಣಗಳು ತಾವೇ ಬೆಳಕನ್ನು ಹೀರಿ, ಚದುರಿಸಿ, ಕೋಶಗಳ ಸಾಂದ್ರತೆ ಅಳೆಯುವ 600 ನ್ಯಾನೊಮೀಟರ್ ಬೆಳಕಿನ ಓದನ್ನು ಕೆಡಿಸುತ್ತವೆ. ಜೀವಂತ ಕೋಶಗಳನ್ನು ಬಣ್ಣದಿಂದ ತೋರಿಸುವ ಎಂಟಿಟಿ, ರೆಸಾಜುರಿನ್ ಪರೀಕ್ಷೆಗಳ ಬಣ್ಣವನ್ನು ಬ್ಯಾಕ್ಟೀರಿಯಾ ಇಲ್ಲದೆಯೂ ಬದಲಿಸಬಲ್ಲ ಕಣಗಳಿವೆ. ಕೋಶವಿಲ್ಲದ, ಕಣ ಮಾತ್ರ ಇರುವ ಗುಳಿಯೊಂದನ್ನು ಪ್ರತಿ ಪ್ರಯೋಗದ ತಟ್ಟೆಯಲ್ಲೂ ಇಡದಿದ್ದರೆ ಇದು ಗೊತ್ತೇ ಆಗುವುದಿಲ್ಲ. ಅಗಾರ್ ಮೇಲೆ ಬೆಳೆದ ಬ್ಯಾಕ್ಟೀರಿಯಾ ವಸಾಹತುಗಳ ಎಣಿಕೆಯೇ ಹೆಚ್ಚು ನಂಬಲರ್ಹ, ಆದರೆ ಅಲ್ಲೂ ಉಳಿಕೆ ಔಷಧ ಅಗಾರ್ ಮೇಲೆ ಕೊಲ್ಲುತ್ತಲೇ ಇರುತ್ತದೆ. ಪೆರಾಕ್ಸೈಡ್ ಇದ್ದರೆ ಕ್ಯಾಟಲೇಸ್, ಬೆಳ್ಳಿ ಇದ್ದರೆ ಥಯೋಗ್ಲೈಕೋಲೇಟ್ ಹಾಕಿ ಅದನ್ನು ತಟಸ್ಥಗೊಳಿಸಿ ಆಮೇಲೆ ಹರಡಿ. ಇವುಗಳ ಜೊತೆ ಮಾಧ್ಯಮದ ಪಿಎಚ್, ಕರಗದ ಗ್ಲೂಕಾನ್ ಪ್ರಮಾಣ ಮತ್ತು ಎನಾಮೆಲ್‌ನ ಸೂಕ್ಷ್ಮ ಗಡಸುತನ ಈ ಮೂರನ್ನೂ ನೋಡಬೇಕು. ಬ್ಯಾಕ್ಟೀರಿಯಾ ಅರ್ಧಕ್ಕಿಳಿದರೂ ಪಿಎಚ್ 4.5ರಲ್ಲೇ ನಿಂತಿದ್ದರೆ ಹಲ್ಲು ಉಳಿಯಲಿಲ್ಲ ಎಂದೇ ಅರ್ಥ.

ಫ್ಲೋರೈಡ್ ಭಾಗದ ಲೆಕ್ಕ ಸುಲಭ, ಎಡವುವುದೂ ಸುಲಭ. ಸೋಡಿಯಂ ಫ್ಲೋರೈಡ್ ತೂಕದಲ್ಲಿ ಶೇ 45 ಮಾತ್ರ ಫ್ಲೋರೈಡ್, ಹಾಗಾಗಿ 1,000 ಪಿಪಿಎಂ ಬೇಕಿದ್ದರೆ ಲೀಟರಿಗೆ 2.21 ಗ್ರಾಂ. ಸ್ಟ್ಯಾನಸ್ ಫ್ಲೋರೈಡ್ ಆದರೆ 4.12 ಗ್ರಾಂ. ಗಾಜಿನಲ್ಲಿ ಇಡಬೇಡಿ, ಆಮ್ಲೀಯ ಫ್ಲೋರೈಡ್ ಗಾಜನ್ನು ತಿನ್ನುತ್ತದೆ. ಪಾಲಿಪ್ರೊಪಿಲೀನ್ ಬಾಟಲಿ ಸಾಕು. ತವರದ ದ್ರಾವಣವನ್ನು ಆಗಿಂದಾಗ್ಗೆ ಮಾಡಿಕೊಳ್ಳಿ, ಮಸುಕಾಗಿದ್ದರೆ ಚೆಲ್ಲಿ. ಬಫರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಗಸಿಯಾಗುತ್ತದೆ, ನೀವು ತೂಗಿದಷ್ಟು ಫ್ಲೋರೈಡ್ ದ್ರಾವಣದಲ್ಲಿ ಇರುವುದೇ ಇಲ್ಲ. ಅಯಾನು ಎಲೆಕ್ಟ್ರೋಡ್‌ನಲ್ಲಿ ಅಳೆಯುವಾಗ ಮಾದರಿಯಷ್ಟೇ ಪ್ರಮಾಣದ ಟಿಸಾಬ್ ಎಂಬ ಬಫರ್ ಬೆರೆಸಬೇಕು. ಪಿಎಚ್ ತೀರ ಕೆಳಗಿದ್ದರೆ ಹೈಡ್ರೋಜನ್ ಫ್ಲೋರೈಡ್ ಆದ ಭಾಗ ಎಲೆಕ್ಟ್ರೋಡ್‌ಗೆ ಕಾಣುವುದಿಲ್ಲ, ಕಬ್ಬಿಣ ಹಿಡಿದುಕೊಂಡ ಭಾಗವೂ ಕಾಣುವುದಿಲ್ಲ. ಟಿಸಾಬ್ ಇವೆರಡನ್ನೂ ಬಿಡಿಸುತ್ತದೆ.

ಜೋಡಿ ಕೆಲಸ ಮಾಡಿತು ಎನ್ನಬೇಕಾದರೆ ಬರೀ ನೀರು, ಬರೀ ಕಣ, ಬರೀ ಫ್ಲೋರೈಡ್, ಎರಡೂ ಸೇರಿ ಹೀಗೆ ನಾಲ್ಕು ಗುಂಪುಗಳಾದರೂ ಇರಬೇಕು. ಹೊದಿಕೆ ವಸ್ತು ಮಾತ್ರ ಇರುವ ಐದನೆಯದನ್ನು, ಬೆಳ್ಳಿಯಾದರೆ ಕಣದಿಂದ ಕರಗಿದಷ್ಟೇ ಬೆಳ್ಳಿ ಅಯಾನು ಮಾತ್ರ ಇರುವ ಆರನೆಯದನ್ನು ಸೇರಿಸಿದವರ ಪ್ರಬಂಧವನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಇವತ್ತು ಮನೆಯಲ್ಲಿ ಮಾಡಬಹುದಾದ ಕೆಲಸ. ಅದು ಫ್ಲೋರೈಡನ್ನು ಹೆಚ್ಚು ಹೊತ್ತು ಹಲ್ಲಿನ ಮೇಲೆ ಉಳಿಸುವುದು. 1,000ದಿಂದ 1,500 ಪಿಪಿಎಂ ಪೇಸ್ಟ್, ದಿನಕ್ಕೆ ಎರಡು ಸಲ. ಅದರಲ್ಲಿ ಮಲಗುವ ಮುಂಚಿನದು ಬಿಡಲೇಬಾರದು, ನಿದ್ದೆಯಲ್ಲಿ ಲಾಲಾರಸ ಕಡಿಮೆಯಾಗುವುದರಿಂದ ಫ್ಲೋರೈಡ್ ಬೇಗ ತೊಳೆದುಹೋಗುವುದಿಲ್ಲ. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. 225 ಪಿಪಿಎಂ ಫ್ಲೋರೈಡ್ ಇರುವ ಮೌತ್‌ವಾಶನ್ನು ಉಜ್ಜಿದ ಬೆನ್ನಿಗೇ ಬಳಸಿದರೆ 1,450 ಪಿಪಿಎಂ ಪೇಸ್ಟಿನ ಉಳಿಕೆಯನ್ನು ತೊಳೆದು ಹಾಕಿದಂತೆ. ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಪೇಸ್ಟಿನ ಹಿಂಬದಿಯ ಪಟ್ಟಿಯನ್ನೂ ಓದಿ: ಕ್ಯಾಲ್ಸಿಯಂ ಕಾರ್ಬೊನೇಟ್ ಉಜ್ಜುಪುಡಿ ಇದ್ದರೆ ಫ್ಲೋರೈಡ್ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ರೂಪದಲ್ಲಿರಬೇಕು, ಶೇ 0.76 ಎಂದರೆ ಸುಮಾರು 1,000 ಪಿಪಿಎಂ. ಸೋಡಿಯಂ ಫ್ಲೋರೈಡ್ ಆದರೆ ಸಿಲಿಕಾ ಪುಡಿ ಇರಬೇಕು, ಇಲ್ಲದಿದ್ದರೆ ಟ್ಯೂಬಿನೊಳಗೇ ಕ್ಯಾಲ್ಸಿಯಂ ಅದನ್ನು ಹಿಡಿದುಬಿಡುತ್ತದೆ. ಸ್ಟ್ಯಾನಸ್ ಪೇಸ್ಟ್ ಕೆಲವರ ಹಲ್ಲಿನ ಮೇಲೆ ಕಂದು ಕಲೆ ಬಿಡಬಹುದು. ಅದು ಮೇಲ್ಮೈಯದು, ಕ್ಲಿನಿಕ್‌ನಲ್ಲಿ ಶುಚಿ ಮಾಡಿಸಿದರೆ ಹೋಗುತ್ತದೆ.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಬಟಾಣಿಯಷ್ಟು ಅಂದರೆ ಕಾಲು ಗ್ರಾಂ, 1,450 ಪಿಪಿಎಂ ಲೆಕ್ಕದಲ್ಲಿ 0.36 ಮಿಲಿಗ್ರಾಂ ಫ್ಲೋರೈಡ್. ಆಸ್ಪತ್ರೆಗೆ ಕರೆದೊಯ್ಯಬೇಕಾದ ಮಟ್ಟ ದೇಹತೂಕದ ಕಿಲೋಗೆ 5 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ 50 ಮಿಲಿಗ್ರಾಂ. ಅದು ಸುಮಾರು 35 ಗ್ರಾಂ ಪೇಸ್ಟಿನಲ್ಲಿರುತ್ತದೆ. ಟ್ಯೂಬನ್ನು ಮಗುವಿನ ಕೈಗೆ ಎಟುಕದಂತೆ ಇಡಿ. ಹುಳುಕಿನ ಅಪಾಯ ಹೆಚ್ಚಿರುವವರಿಗೆ ದಂತವೈದ್ಯರು ಹಚ್ಚುವ ಶೇ 5 ಸೋಡಿಯಂ ಫ್ಲೋರೈಡ್ ವಾರ್ನಿಷ್ ಇದೆ, 22,600 ಪಿಪಿಎಂ. ಹಚ್ಚಿಕೊಂಡ ದಿನ ಗಟ್ಟಿ, ಬಿಸಿ ಪದಾರ್ಥ ಬಿಟ್ಟು, ಎಷ್ಟು ಗಂಟೆ ಉಜ್ಜಬಾರದು ಎಂದು ಅವರನ್ನೇ ಕೇಳಿ.

ಕೊಲೊಯ್ಡಲ್ ಬೆಳ್ಳಿ ಎಂದು ಮಾರುವ ದ್ರವವನ್ನೋ ಕಬ್ಬಿಣದ ಸಿರಪ್ಪನ್ನೋ ಪೇಸ್ಟಿಗೆ ಬೆರೆಸಿ ಉಜ್ಜುವ ಪ್ರಯೋಗ ಬೇಡ. ಬೆಳ್ಳಿಯ ಕಣಗಳು ಪೇಸ್ಟಿನ ಲವಣ, ನೊರೆಪುಡಿಗಳ ನಡುವೆ ಗುಂಪುಗೂಡಿ ಹೋಗುತ್ತವೆ. ಸಿರಪ್ಪಿನ ಕಬ್ಬಿಣ ಕರಗಿದ ಲವಣ, ಅದಕ್ಕೆ ಆ ಹೊದಿಕೆಯೂ ಇಲ್ಲ, ಪದರವನ್ನು ಹುಡುಕಿ ಹಿಡಿಯುವ ಗುಣವೂ ಇಲ್ಲ. ಹಲ್ಲಿಗೆ ಕಪ್ಪು ಕಲೆ ಹಿಡಿಸುವುದರಲ್ಲಿ ಮಾತ್ರ ಅದು ಗಟ್ಟಿಗ. ಸಾಲದ್ದಕ್ಕೆ ಬಹಳಷ್ಟು ಸಿರಪ್ಪುಗಳಲ್ಲಿ ಸಕ್ಕರೆಯೂ ಇರುತ್ತದೆ. ಮಗು ಕಬ್ಬಿಣದ ಸಿರಪ್ ಕುಡಿಯುತ್ತಿದ್ದರೆ ಅದನ್ನು ನಾಲಿಗೆಯ ಹಿಂಭಾಗಕ್ಕೆ ಹಾಕಿ, ಮೇಲೆ ನೀರು ಕುಡಿಸಿ. ರಾತ್ರಿಯ ಹಲ್ಲುಜ್ಜಿದ ಮೇಲೆ ಮಾತ್ರ ಕೊಡಬೇಡಿ.